ಕಡಲಿಗಿಳಿಯುವ ದಾರಿಗೊಂದು ಸಹಿ



ನಾನು 31 ವರ್ಷ ಪುರಸಭೆ, ನಗರಸಭೆಗಳಲ್ಲಿ ಎಂಜಿನಿಯರಾಗಿ ದುಡಿದವನು. ನಕ್ಷೆ ನೋಡುವುದು, ಷರಾ ಬರೆಯುವುದು, ಸಹಿ ಹಾಕುವುದು, ಇಷ್ಟೇ ನನ್ನ ಕಸುಬು. ಮನೆಯ ನಕ್ಷೆ, ಮಳಿಗೆಯ ನಕ್ಷೆ, ಚರಂಡಿಯ ನಕ್ಷೆ, ಒಮ್ಮೊಮ್ಮೆ ಸ್ಮಶಾನದ ನಕ್ಷೆ. ಅಂಥವನನ್ನು ಶಿಲ್ಪವನವೊಂದರ ಬಗ್ಗೆ ಮಾತಾಡಿ ಎಂದು ಕರೆದಾಗ ನನ್ನ ಮನೆಯಾಕೆ ನಕ್ಕಳು. ಶಿಲ್ಪದ ಒಳಗುಟ್ಟು ನನಗೆ ತಿಳಿಯದು, ನಿಜ. ಶಿಲ್ಪ ನಿಲ್ಲುವ ನೆಲದ ಗುಟ್ಟು ಸ್ವಲ್ಪ ಗೊತ್ತು. ಒಂದು ಊರು ಅಂಥ ನೆಲದ ನಕ್ಷೆಯನ್ನು ಮುಂದಿಟ್ಟುಕೊಂಡು ‘ಆಗಲಿ’ ಎನ್ನುವಾಗ ಯಾವುದಕ್ಕೆಲ್ಲ ಆಗಲಿ ಎಂದ ಹಾಗಾಯಿತು ಅನ್ನುವುದನ್ನು ಹೇಳಬಲ್ಲೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನಿದ್ದ ಒಂದು ಊರಿನಲ್ಲಿ ಕೆರೆ ದಂಡೆಗೆ ಉದ್ಯಾನ ಮಾಡುವ ಯೋಜನೆ ಬಂತು. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ಕಾಫಿ ಕುಡಿಸದೆ ಬಿಡುವುದಿಲ್ಲ. ಬಣ್ಣದ ನಕ್ಷೆ. ನೀರಿನ ಮೇಲೆ ಎರಡು ಬಾತುಕೋಳಿಯನ್ನೂ ಬರೆದಿದ್ದರು. ಸಿಮೆಂಟಿನ ಜಿಂಕೆ, ಸಿಮೆಂಟಿನ ಕೊಕ್ಕರೆ, ಕೊಡ ಹೊತ್ತ ಹೆಂಗಸಿನ ಗೊಂಬೆ, ಸುತ್ತ ತಂತಿ ಬೇಲಿ, ಒಂದು ಗೇಟು, ಒಂದು ಟಿಕೆಟ್ ಗೂಡು. ಅಳತೆ ಸರಿಯಿತ್ತು, ಅಂದಾಜು ಪಟ್ಟಿ ಸರಿಯಿತ್ತು. ಸಹಿ ಹಾಕಿದೆ. ಉದ್ಘಾಟನೆಯಾಗಿ ತಿಂಗಳೊಳಗೆ ಬೇಲಿಯಲ್ಲಿ ಒಂದು ಕಂಡಿ ಬಿತ್ತು. ಮುಚ್ಚಿಸಿದೆ. ಮತ್ತೆ ಬಿತ್ತು, ಅದೇ ಜಾಗದಲ್ಲಿ. ಮೂರನೆಯ ಸಲ ನಾನೇ ಹೋಗಿ ನೋಡಿದೆ. ಕತ್ತರಿಸಿದ ತಂತಿಯ ತುದಿಗಳನ್ನು ಯಾರೋ ಅಚ್ಚುಕಟ್ಟಾಗಿ ಒಳಕ್ಕೆ ಮಡಚಿದ್ದರು, ಸೀರೆ ಸಿಕ್ಕಿಕೊಳ್ಳದ ಹಾಗೆ. ಅಲ್ಲಿಂದ ಹೊಸ ಹುಲ್ಲುಹಾಸಿನ ಮೇಲೆ ಒಂದು ಕಾಲುದಾರಿ ನೀರಿನವರೆಗೂ ಸವೆದಿತ್ತು. ಬಟ್ಟೆ ಒಗೆಯುವ ಕಲ್ಲುಗಳಿಗೆ ಹೋಗುವ ಹಳೆಯ ದಾರಿ ಅದು. ನಕ್ಷೆಯಲ್ಲಿ ಅದಿರಲಿಲ್ಲ. ಬಾತುಕೋಳಿ ಇತ್ತು.

ನಿವೃತ್ತಿಯಾದ ಮೇಲೆ ಮಗಳ ಮನೆಗೆಂದು ಅಮೆರಿಕದ ಸಿಯಾಟಲ್‌ಗೆ ಹೋದೆ. ಅಮೆರಿಕದ ವಾಯವ್ಯ ಮೂಲೆಯ ಊರು. ಮೈಕ್ರೋಸಾಫ್ಟ್, ಅಮೆಜಾನ್ ಅಂತ ನಮ್ಮ ಕಡೆಯ ಹುಡುಗ ಹುಡುಗಿಯರು ಅಲ್ಲಿ ಸಾಕಷ್ಟಿದ್ದಾರೆ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ‘ಏ, ಅನ್ನಕ್ಕಿಟ್ಟೆಯೇನೋ’ ಎಂಬ ಫೋನಿನ ಮಾತು ಕಿವಿಗೆ ಬಿದ್ದು ತಿರುಗಿ ನೋಡಿದ್ದೂ ಉಂಟು. ಒಂದು ಭಾನುವಾರ ಮಗಳು, ‘ಅಪ್ಪ, ಬನ್ನಿ, ನಿಮಗೆ ಇಷ್ಟವಾಗೋ ಜಾಗ ತೋರಿಸ್ತೀನಿ’ ಎಂದು ಸಮುದ್ರದ ಕಡೆ ಕರೆದುಕೊಂಡು ಹೋದಳು. ಮೊಮ್ಮಗನೂ ಜೊತೆಗಿದ್ದ. ಆ ಜಾಗದ ಹೆಸರು ಒಲಿಂಪಿಕ್ ಸ್ಕಲ್ಪ್ಚರ್ ಪಾರ್ಕ್. ಹೆಸರು ಕೇಳಿ, ಇಲ್ಲಿ ಯಾವ ವರ್ಷ ಒಲಿಂಪಿಕ್ಸ್ ನಡೆದಿತ್ತು ಎಂದು ಕೇಳಿದೆ. ಮಗಳು ಕೈಯೆತ್ತಿ ಕೊಲ್ಲಿಯಾಚೆ ತೋರಿಸಿದಳು. ನೀರಿನ ಆ ಬದಿಗೆ, ಮೋಡದ ಅಂಚಿನಲ್ಲಿ, ಹಿಮ ಹೊತ್ತ ಬೆಟ್ಟಗಳ ಸಾಲು. ಅದರ ಹೆಸರು ಒಲಿಂಪಿಕ್ ಪರ್ವತ. ಪಾರ್ಕಿನ ಹೆಸರು ಅಲ್ಲಿಂದ ಬಂದದ್ದು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಶಿಲ್ಪಗಳಲ್ಲ, ಕಾಲ ಕೆಳಗಿನ ರೈಲು. ನಾವು ಹುಲ್ಲಿನ ನಡುವೆ ಜಲ್ಲಿ ಹಾಸಿದ ದಾರಿಯಲ್ಲಿ ಇಳಿಜಾರಿಗೆ ನಡೆದು ಬರುತ್ತಿದ್ದೇವೆ, ಅಡಿಯಲ್ಲಿ ಗೂಡ್ಸ್ ಗಾಡಿ ಹೋಗುತ್ತಿದೆ! ಮೊಮ್ಮಗ ಡಬ್ಬಿ ಎಣಿಸಲು ನಿಂತ. ನಾನು ಕಟಾಂಜನದಿಂದ ಬಗ್ಗಿ ನೋಡಿದೆ. ಅದಕ್ಕೂ ಹಿಂದೆ ಒಂದು ಹೆದ್ದಾರಿಯಂಥ ರಸ್ತೆಯನ್ನು ದಾಟಿ ಬಂದಿದ್ದೆವು, ದಾಟಿದ್ದೇ ಗೊತ್ತಾಗಿರಲಿಲ್ಲ. ಪುರಸಭೆಯ ಎಂಜಿನಿಯರಿಗೆ ಇದಕ್ಕಿಂತ ದೊಡ್ಡ ಪವಾಡ ಬೇಕಿಲ್ಲ. ರೈಲ್ವೆಯವರ ಜಾಗದ ಮೇಲೆ ಒಂದು ಕುಡಿಯುವ ನೀರಿನ ಪೈಪು ಹಾಯಿಸಲು ಎಷ್ಟು ವರ್ಷ ಓಡಾಡಬೇಕೆಂದು ಬಲ್ಲವರು ಈ ಮಾತನ್ನು ಒಪ್ಪುತ್ತಾರೆ.

ಈಗ ಆ ನೆಲದ ಕಥೆ. ಎಲಿಯಟ್ ಕೊಲ್ಲಿಯ ದಡದ ಈ ತುಂಡು ನೆಲದಲ್ಲಿ ಯೂನೋಕಾಲ್ ಎಂಬ ತೈಲ ಕಂಪನಿ 1970ರ ದಶಕದವರೆಗೂ ಎಣ್ಣೆ ಶೇಖರಿಸುತ್ತಿತ್ತು. ದೊಡ್ಡ ದೊಡ್ಡ ಟ್ಯಾಂಕುಗಳು, ಪೈಪುಗಳು. ಕಂಪನಿ ಎದ್ದುಹೋದ ಮೇಲೆ ಉಳಿದದ್ದು ಎಣ್ಣೆ ಹೀರಿದ ಮಣ್ಣು. ಒಂದು ಲಕ್ಷ ಟನ್ನಿಗೂ ಹೆಚ್ಚು ಕೆಟ್ಟ ಮಣ್ಣನ್ನು ತೆಗೆದು ಸಾಗಿಸಿದರು. ಅಷ್ಟಾದರೂ ಆ ನೆಲ ಯಾರಿಗೂ ಬೇಡದ ನೆಲವಾಗಿಯೇ ಇತ್ತು. ನಡುವೆ ಎಲಿಯಟ್ ಅವೆನ್ಯೂ ಎಂಬ ರಸ್ತೆ, ಅದರ ಕೆಳಗೆ ರೈಲು ಹಳಿ, ಹಳಿಯಾಚೆ ನೀರು. ರೊಟ್ಟಿಯನ್ನು ಎರಡು ಕಡೆ ಹರಿದ ಹಾಗೆ ಮೂರು ತುಂಡು. ಆದರೆ ಸಮುದ್ರ ಕಾಣುವ ಪಟ್ಟಣದ ಜಾಗ ಬಹಳ ಕಾಲ ಬೇಡವಾಗಿ ಉಳಿಯುವುದಿಲ್ಲ. ಹೋಟೆಲು, ಅಪಾರ್ಟ್‌ಮೆಂಟು ಎದ್ದುನಿಲ್ಲುವುದು ಬಾಕಿ ಇತ್ತು. ಆಗ ಸಿಯಾಟಲ್ ಆರ್ಟ್ ಮ್ಯೂಸಿಯಂ, ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಭೂಸಂರಕ್ಷಣೆಯ ಸಂಸ್ಥೆಯೊಡನೆ ಸೇರಿ, ಸುಮಾರು 1.7 ಕೋಟಿ ಡಾಲರ್ ಕೂಡಿಸಿ, 1999ರಲ್ಲಿ ಅದನ್ನು ಕೊಂಡುಕೊಂಡಿತು. ಹಣ ಕೊಟ್ಟವರಲ್ಲಿ ಮೈಕ್ರೋಸಾಫ್ಟಿನ ಅಧ್ಯಕ್ಷರಾಗಿದ್ದ ಜಾನ್ ಶರ್ಲಿ ಮತ್ತು ಅವರ ಪತ್ನಿ ಮೇರಿ ಮುಖ್ಯರು. ಕಂಪ್ಯೂಟರಿನಿಂದ ಬಂದ ದುಡ್ಡು ಎಣ್ಣೆಯ ನೆಲವನ್ನು ಬಿಡಿಸಿಕೊಂಡಿತು ಎನ್ನಬಹುದು. ಇದರಲ್ಲಿ ನನಗೆ ವಿಶೇಷ ಪುಳಕವೇನಿಲ್ಲ. ನಮ್ಮಲ್ಲೂ ಮೆಣಸು ಅಡಿಕೆಯ ದುಡ್ಡಿನಲ್ಲಿ ಎಷ್ಟು ಕೆರೆ, ಎಷ್ಟು ಗುಡಿ ಆಗಿಲ್ಲ?

ನೆಲ ಬಂತು, ನಕ್ಷೆ ಬೇಕು. ಐವತ್ತಕ್ಕೂ ಹೆಚ್ಚು ಸಂಸ್ಥೆಗಳು ಮುಂದೆ ಬಂದವಂತೆ. 2001ರಲ್ಲಿ ಆಯ್ಕೆಯಾದದ್ದು ನ್ಯೂಯಾರ್ಕಿನ ವೈಸ್ ಮ್ಯಾನ್‌ಫ್ರೆಡಿ ಎಂಬ ಜೋಡಿ, ಮರಿಯನ್ ವೈಸ್ ಮತ್ತು ಮೈಕಲ್ ಮ್ಯಾನ್‌ಫ್ರೆಡಿ. ಮುಂದೆ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯ ಹೊಸ ಆವರಣದ ವಿನ್ಯಾಸವೂ ಇವರ ಪಾಲಿಗೇ ಬಂತು. ಸಿಯಾಟಲ್‌ನಲ್ಲಿ ಅವರು ಮಾಡಿದ್ದು ಒಂದೇ ಒಂದು ಕೆಲಸ ಎಂದು ನನ್ನ ಲೆಕ್ಕ. ಇಂಗ್ಲಿಷಿನ ‘ಝಡ್’ ಅಕ್ಷರದಂತೆ ಒಂದು ದಾರಿ ಎಳೆದರು. ಮೇಲೆ ಪಟ್ಟಣದ ಕಡೆಯಿಂದ ಶುರುವಾಗಿ ರಸ್ತೆಯ ಮೇಲೆ ಹಾದು, ತಿರುಗಿ, ಹಳಿಯ ಮೇಲೆ ಹಾದು, ಮತ್ತೆ ತಿರುಗಿ, ನೀರಿಗೆ ಇಳಿಯುತ್ತದೆ. ಎರಡು ಸಾವಿರ ಅಡಿಗೂ ಮಿಕ್ಕ ದಾರಿಯಲ್ಲಿ 40 ಅಡಿ ಇಳಿಯುತ್ತೀರಿ, ಮೆಟ್ಟಿಲಿನ ಗೊಡವೆಯೇ ಇಲ್ಲದೆ. ಘಾಟಿಯಲ್ಲಿ ಬಸ್ಸು ಇಳಿಯುವ ಹಾಗೆ. ಆಗುಂಬೆಯ ತಿರುವು ಕಂಡವರಿಗೆ ಈ ಉಪಾಯವನ್ನು ವಿವರಿಸಬೇಕಿಲ್ಲ. ಘಾಟಿಯ ತಿರುವಿಗೆ ಬೆಟ್ಟ ಕಾರಣ, ಇಲ್ಲಿ ರಸ್ತೆ ಮತ್ತು ರೈಲು ಕಾರಣ. ನನ್ನ ಕೆರೆಯ ನಕ್ಷೆಯಲ್ಲಿ ದಾರಿ ಇರಲಿಲ್ಲವೆಂದೆನಲ್ಲ, ಇವರ ನಕ್ಷೆಯಲ್ಲಿ ದಾರಿಯೇ ಎಲ್ಲ. ಒಂಬತ್ತು ಎಕರೆಯ ಉಳಿದದ್ದೆಲ್ಲ ಆ ದಾರಿಗೆ ಅಂಟಿಕೊಂಡು ಬಂದದ್ದು.

ಇಂಥ ನಕ್ಷೆ ಊರಿನ ಮೇಜಿನ ಮೇಲೆ ಬಂದಾಗ ಏನೇನು ಕೇಳಬೇಕಾಗುತ್ತದೆ ನೋಡಿ. ಮೇಲಿನ ತುಂಡು ಮ್ಯೂಸಿಯಮ್ಮಿನದು, ದಡದ ಪಟ್ಟಿ ನಗರದ್ದು, ಹಳಿ ರೈಲು ಕಂಪನಿಯದು, ರಸ್ತೆ ಎಲ್ಲರದು. ಸಿಯಾಟಲ್‌ನಲ್ಲಿ 1968ರಿಂದ ಒಂದು ವಿನ್ಯಾಸ ಆಯೋಗವಿದೆ. ಆರ್ಕಿಟೆಕ್ಟ್‌ಗಳು, ಎಂಜಿನಿಯರುಗಳು, ಕಲಾವಿದರು ಇರುವ ಸಮಿತಿ ಅದು. ನಗರದ ಜಾಗದಲ್ಲಿ ಏನೇ ಕಟ್ಟುವುದಿದ್ದರೂ ಅದು ನೋಡಿ ಮೇಯರಿಗೂ ಕೌನ್ಸಿಲ್ಲಿಗೂ ಸಲಹೆ ಕೊಡುತ್ತದೆ. ಈ ಪಾರ್ಕಿನ ನಕ್ಷೆಯೂ ಅದರ ಮುಂದೆ ಹೋಗಿಬಂತು. ಆಯೋಗದ ಮಾತು ಬರೀ ಸಲಹೆ, ಆದರೆ ಸಭೆ ಬಾಗಿಲು ತೆರೆದೇ ನಡೆಯುತ್ತದೆ, ಯಾರು ಬೇಕಾದರೂ ಕೂತು ಕೇಳಬಹುದು. ನನಗೆ ಹೊಟ್ಟೆಕಿಚ್ಚಾದದ್ದು ಇನ್ನೊಂದು ವಿಷಯಕ್ಕೆ. ನಗರದ ಕಾಮಗಾರಿಗಳ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲು ಕಲೆಗೆ ಎಂದು 1973ರಲ್ಲೇ ಅವರು ಕಾನೂನು ಮಾಡಿಕೊಂಡಿದ್ದಾರೆ. ನಮ್ಮ ಅಂದಾಜು ಪಟ್ಟಿಯಲ್ಲಿ ‘ಇತರೆ’ ಎಂಬ ಕಲಮು ಇರುತ್ತದಲ್ಲ, ಸಿಮೆಂಟಿನ ಜಿಂಕೆ ಬರುವುದು ಅದರೊಳಗಿಂದ.

ಊರಿನವರ ಪ್ರಶ್ನೆಗಳಲ್ಲಿ ಕಲೆಯದು ಕಡಿಮೆ, ಮಣ್ಣಿನದು ಜಾಸ್ತಿ ಇದ್ದಿರಬೇಕು. ಇರಲೇಬೇಕು. ರಸ್ತೆ ಹಳಿಗಳ ಮೇಲೆ ಎತ್ತರಿಸಿದ ನೆಲಕ್ಕೆ ಮಣ್ಣು ಎಲ್ಲಿಂದ ತರುವುದು? ಅದೇ ಹೊತ್ತಿಗೆ ಪಟ್ಟಣದ ನಡುವೆ ಮ್ಯೂಸಿಯಮ್ಮಿನ ಕಟ್ಟಡ ವಿಸ್ತರಿಸಲು ಪಾಯ ಅಗೆಯುತ್ತಿದ್ದರು. ಆ ಮಣ್ಣು ಇಲ್ಲಿಗೆ ಬಂತು. ಕೆರೆ ತೋಡಿದ ಮಣ್ಣಲ್ಲೇ ಏರಿ ಕಟ್ಟುವ ನಮ್ಮ ಹಳಬರ ಲೆಕ್ಕವೇ ಇದು, ಹೊಸತೇನಲ್ಲ. ಗೋಡೆಗಳನ್ನು ಮಾತ್ರ ನಾನು ತುಂಬ ಹೊತ್ತು ನಿಂತು ನೋಡಿದೆ. ಕಾಂಕ್ರೀಟಿನ ಬಿಡಿ ಹಲಗೆಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಓರೆಯಾಗಿ ನಿಲ್ಲಿಸಿದ್ದಾರೆ, ಮಂಗಳೂರು ಹೆಂಚು ಒಂದನ್ನೊಂದು ಕಚ್ಚಿಕೊಳ್ಳುವ ಹಾಗೆ. ಬೆಸುಗೆಯಿಲ್ಲ. ಭೂಮಿ ನಡುಗಿದರೆ ಹಲಗೆಗಳು ಜರುಗಬೇಕು, ಒಡೆಯಬಾರದು. ಈ ಎಚ್ಚರ ಪುಸ್ತಕದಿಂದ ಬಂದದ್ದಲ್ಲ. ವೈಸ್ ಮ್ಯಾನ್‌ಫ್ರೆಡಿ ಜೋಡಿ ಆಯ್ಕೆಯಾದ ವರ್ಷವೇ, 2001ರ ಫೆಬ್ರವರಿ 28ರಂದು ಸಿಯಾಟಲ್ ಸೀಮೆಯಲ್ಲಿ 6.8ರ ಭೂಕಂಪವಾಗಿತ್ತು. ನಮ್ಮ ಭುಜ್ ಕುಸಿದು ಆಗ ಒಂದು ತಿಂಗಳಾಗಿತ್ತಷ್ಟೆ.

ಇನ್ನು ನೀರಿನಂಚು. ಅಲ್ಲಿ ಹಳೆಯ ತಡೆಗೋಡೆ ಇತ್ತು, ಗಟ್ಟಿಯಾಗಿರಲಿಲ್ಲ. ಅದನ್ನು ಕಿತ್ತು ಹೊಸದು ಕಟ್ಟುವ ಬದಲು ಗೋಡೆಯ ಮುಂದೆ ನೀರಿನೊಳಗೆ ಕಲ್ಲುಗಳ ಒತ್ತುಕಟ್ಟೆ ಹಾಕಿದರು. ಅದರ ಮೇಲೆ ಆಳವಿಲ್ಲದ ಒಂದು ಜಗಲಿ ಬಿಟ್ಟರು. ಪಕ್ಕದಲ್ಲಿ ಬೊಗಸೆಯಷ್ಟು ಪುಟ್ಟ ಕಡಲತೀರ. ಜಗಲಿ ಯಾರಿಗೆ ಎಂದರೆ ಸಾಲ್ಮನ್ ಮೀನಿನ ಮರಿಗಳಿಗೆ. ನದಿಯಲ್ಲಿ ಹುಟ್ಟಿದ ಮರಿಗಳು ಸಮುದ್ರ ಸೇರುವಾಗ ದಡದಂಚಿನ ತೆಳು ನೀರಿನಲ್ಲೇ ಸಾಗುತ್ತವೆ, ಆಳಕ್ಕೆ ಹೋದರೆ ದೊಡ್ಡ ಮೀನಿನ ಬಾಯಿ. ಪಟ್ಟಣದವರು ದಡವನ್ನೆಲ್ಲ ನೇರ ಗೋಡೆ ಮಾಡಿದಾಗ ಅವುಗಳ ಕಾಲುದಾರಿ ಹೋಗಿತ್ತು. ಹೌದು, ನನ್ನ ಕೆರೆಯ ಕಥೆಯೇ. ಆದರೆ ಮೀನು ಬೇಲಿ ಕತ್ತರಿಸಲಾರದು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆಮೇಲೆ ಅಲ್ಲಿ ಮೀನು ಎಣಿಸಿದರು. ಪಕ್ಕದ ಗೋಡೆಯ ದಂಡೆಗಿಂತ ಇಲ್ಲಿ ಮರಿಗಳು ಹೆಚ್ಚು ಸಿಕ್ಕವು.

ಎಲ್ಲ ಸೇರಿ 8.5 ಕೋಟಿ ಡಾಲರ್ ಆಯಿತು. 2007ರ ಜನವರಿಯಲ್ಲಿ ಪಾರ್ಕು ತೆರೆಯಿತು. ಟಿಕೆಟ್ ಗೂಡಿಲ್ಲ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ಒಳಗೆ ಹೋಗಬಹುದು, ಮುಳುಗಿ ಅರ್ಧ ಗಂಟೆಯವರೆಗೂ ಇರಬಹುದು.

ಶಿಲ್ಪಗಳ ಬಗ್ಗೆ ಒಂದಿಷ್ಟಾದರೂ ಹೇಳದಿದ್ದರೆ ಕರೆದವರಿಗೆ ಬೇಸರವಾದೀತು. ದೂರದಿಂದಲೇ ಕಾಣುವುದು ಅಲೆಕ್ಸಾಂಡರ್ ಕಾಲ್ಡರ್ 1971ರಲ್ಲಿ ಮಾಡಿದ ‘ಈಗಲ್’. ಕುಂಕುಮ ಕೆಂಪಿನ ಉಕ್ಕಿನ ರೆಕ್ಕೆಗಳು, 40 ಅಡಿಗೆ ಒಂದಡಿ ಕಡಿಮೆ ಎತ್ತರ. ಮೊದಲು ಟೆಕ್ಸಾಸಿನ ಫೋರ್ಟ್‌ವರ್ತ್‌ನಲ್ಲಿ ಒಂದು ಬ್ಯಾಂಕಿನ ಮುಂದೆ ನಿಂತಿತ್ತು. ಬೂದು ಬಣ್ಣದ ಆಕಾಶದ ಊರಿಗೆ ಆ ಕೆಂಪು ಒಪ್ಪುತ್ತದೆ, ಹಣೆಯ ಕುಂಕುಮದ ಹಾಗೆ. ಪಾರ್ಕು ತೆರೆದ ಹೊತ್ತಿನಲ್ಲಿ ಓಲ್ಡನ್‌ಬರ್ಗ್ ಮತ್ತು ವಾನ್ ಬ್ರೂಗನ್ ದಂಪತಿ ಮಾಡಿದ ದೈತ್ಯ ಟೈಪ್‌ರೈಟರ್ ರಬ್ಬರೂ ಅಲ್ಲಿತ್ತಂತೆ, ಗಾಲಿಯ ರಬ್ಬರಿಗೆ ಕುಚ್ಚಿನ ಬ್ರಷ್. ನಮ್ಮ ಕಚೇರಿಯ ಟೈಪಿಸ್ಟರ ಮೇಜಿನ ಮೇಲೆ ಅಂಥದೊಂದು ಉರುಳಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಮಗಳ ಫೋನಿನಲ್ಲಿದ್ದ ಅದರ ಚಿತ್ರ ನೋಡಿ ಮೊಮ್ಮಗ, ‘ಅಜ್ಜ, ಇದೇನು ಹಕ್ಕಿನಾ?’ ಎಂದ.

ಕೆಳಗಿನ ತಗ್ಗಿನಲ್ಲಿ ರಿಚರ್ಡ್ ಸೆರಾ ಅವರ ‘ವೇಕ್’. ಹಡಗಿನ ಒಡಲಿನಂತೆ ಬಾಗಿದ ಐದು ಜೋಡಿ ಉಕ್ಕಿನ ಗೋಡೆಗಳು, ಒಂದೊಂದೂ 14 ಅಡಿ ಎತ್ತರ, ಒಟ್ಟು 300 ಟನ್. ತುಕ್ಕಿನ ಬಣ್ಣ. ನಡುವೆ ನಡೆದರೆ ಆಕಾಶ ಒಮ್ಮೆ ಅಗಲವಾಗುತ್ತದೆ, ಒಮ್ಮೆ ಓಣಿಯಾಗುತ್ತದೆ, ದೋಣಿ ಹೋದ ಮೇಲೆ ನೀರು ತೆರೆದು ಮುಚ್ಚಿಕೊಳ್ಳುವ ಹಾಗೆ. ಮೊಮ್ಮಗ ಕೈಯಿಡಲು ಓಡಿದ. ಮುಟ್ಟಬೇಡಿ ಎಂಬ ಫಲಕವಿತ್ತು. 300 ಟನ್ ಉಕ್ಕನ್ನು ಮೂರಡಿ ಹುಡುಗನಿಂದ ಕಾಪಾಡುವ ಫಲಕ! ಬೆರಳಿನ ಜಿಡ್ಡು ತುಕ್ಕಿನ ಮೇಲೆ ಕಲೆ ಮಾಡುತ್ತದೆ ಎನ್ನುವುದು ಕಾರಣ, ಒಪ್ಪಬೇಕಾದ್ದೇ. ಆದರೂ ನಾವು ಬೇಲೂರಿನ ಕಲ್ಲನ್ನು ಸವರಿ ಬೆಳೆದವರು.

ಸೆರಾ ಹೆಸರು ಬಂದಾಗ ಒಪ್ಪಿಗೆಯ ಇನ್ನೊಂದು ಕಥೆ ಹೇಳಲೇಬೇಕು. 1981ರಲ್ಲಿ ಅವರು ನ್ಯೂಯಾರ್ಕಿನ ಫೆಡರಲ್ ಪ್ಲಾಜಾ ಎಂಬ ಸರ್ಕಾರಿ ಕಚೇರಿಗಳ ಅಂಗಳದಲ್ಲಿ ‘ಟಿಲ್ಟೆಡ್ ಆರ್ಕ್’ ನಿಲ್ಲಿಸಿದ್ದರು. 120 ಅಡಿ ಉದ್ದ, 12 ಅಡಿ ಎತ್ತರದ ಓರೆ ಉಕ್ಕಿನ ಗೋಡೆ. ಸರ್ಕಾರ ಕೇಳಿದ್ದು, ಸರ್ಕಾರ ಒಪ್ಪಿದ್ದು, ಸರ್ಕಾರ ದುಡ್ಡು ಕೊಟ್ಟದ್ದು. ಕಾಗದಪತ್ರವೆಲ್ಲ ಸರಿ. ಆದರೆ ದಿನಾ ಆ ಅಂಗಳ ದಾಟಿ ಕೆಲಸಕ್ಕೆ ಹೋಗುವ ಗುಮಾಸ್ತರನ್ನು ಯಾರೂ ಕೇಳಿರಲಿಲ್ಲ. ನೇರ ಹೋಗುತ್ತಿದ್ದವರು ಸುತ್ತು ಹಾಕಬೇಕಾಯಿತು. ದೂರು ಬೆಳೆಯಿತು, 1985ರಲ್ಲಿ ಬಹಿರಂಗ ವಿಚಾರಣೆ ನಡೆಯಿತು, ಕೋರ್ಟು ಕಟ್ಟೆ ಎಲ್ಲ ಆಯಿತು. 1989ರ ಮಾರ್ಚ್ 15ರ ರಾತ್ರಿ ಅದನ್ನು ಕತ್ತರಿಸಿ ಲಾರಿಯಲ್ಲಿ ಸಾಗಿಸಿದರು. ಈ ಗೋಡೆ ಬೇರೆ ಜಾಗಕ್ಕೆ ಹೋದರೆ ಸತ್ತ ಹಾಗೆ ಎಂದು ಸೆರಾ ವಾದಿಸಿದ್ದರು, ಅದು ಎಲ್ಲೂ ಮತ್ತೆ ನಿಲ್ಲಲಿಲ್ಲ. ಕಲಾವಿದರ ಪರ ಮಾತಾಡುವವರು ಇದನ್ನು ಕೊಲೆ ಎನ್ನುತ್ತಾರೆ. ನಾನು ಆ ಗುಮಾಸ್ತರ ಪಕ್ಷ. ಸಿಯಾಟಲ್‌ನಲ್ಲಿ ಅದೇ ಸೆರಾ ಉಕ್ಕು ಜನರ ಕಣ್ಣಿಗೆ ಚೆನ್ನಾಗಿ ಕಾಣುವುದಕ್ಕೆ ಕಾರಣ ಉಕ್ಕಲ್ಲ, ಅದು ಯಾರ ದಾರಿಗೂ ಅಡ್ಡ ನಿಂತಿಲ್ಲ.

ದಾರಿಯ ಆರಂಭದ ಹತ್ತಿರ ರಸ್ತೆಯ ಬದಿಗೆ ಒಂದು ಗಾಜಿನ ಮನೆ ಇದೆ, ಮಾರ್ಕ್ ಡಿಯಾನ್ ಎಂಬ ಕಲಾವಿದರದು. ಒಳಗೆ ಶಿಲ್ಪವೇನಿಲ್ಲ, ಬಿದ್ದ ಮರದ ಒಂದು ಕಾಂಡ ಮಲಗಿದೆ, 60 ಅಡಿ ಉದ್ದ. 1996ರ ಫೆಬ್ರವರಿಯಲ್ಲಿ ಗ್ರೀನ್ ನದಿಯ ಜಲಾನಯನದ ಕಾಡಿನಲ್ಲಿ ಉರುಳಿದ ಹೆಮ್ಲಾಕ್ ಮರ ಅದು. ಪಾಚಿ, ಅಣಬೆ, ಜರೀಗಿಡ, ಮೈಮೇಲೆ ಹುಟ್ಟಿದ ಎಳೆಯ ಸಸಿಗಳು, ಎಲ್ಲದರ ಸಮೇತ ತಂದು ಮಲಗಿಸಿದ್ದಾರೆ. ನೋಡಲು ಕೈಗೊಂದು ಭೂತಗನ್ನಡಿ ಕೊಡುತ್ತಾರೆ. ಒಳಗೆ ಮಳೆಗಾಲದ ಮಲೆನಾಡಿನ ವಾಸನೆ, ಕೊಳೆತ ಎಲೆ, ಒದ್ದೆ ತೊಗಟೆ. ಕನ್ನಡಿ ಹಿಡಿದು ಬಗ್ಗಿದಾಗ ಪಾಚಿಯ ಮೇಲೆ ಸಾಸಿವೆಗಿಂತ ಸಣ್ಣ ಹುಳ ಒಂದು ನೀರಿನ ಹನಿಯನ್ನು ಬಳಸಿಕೊಂಡು ಹೋಗುತ್ತಿತ್ತು, ಅವಸರವಿಲ್ಲದೆ. ಕಾಡಿನಲ್ಲಿ ಸುಮ್ಮನೆ ಆಗುವ ಕೆಲಸಕ್ಕೆ ಇಲ್ಲಿ ಗಾಜು, ನೀರು ಚಿಮುಕಿಸುವ ಯಂತ್ರ, ಕಾವಲು. ಒಂದು ಬಿದ್ದ ಮರವನ್ನು ಸಾಕುವುದು ಎಷ್ಟು ದುಬಾರಿ ಎಂದು ತೋರಿಸುವುದೇ ಆ ಕಲಾವಿದರ ಉದ್ದೇಶವಿರಬೇಕು. ಆ ಗ್ರೀನ್ ನದಿಯೇ ಕೆಳಗೆ ಬಂದು ಡುವಾಮಿಶ್ ಎಂಬ ಹೆಸರಿನಲ್ಲಿ ಈ ಕೊಲ್ಲಿಗೆ ಸೇರುತ್ತದೆ. ಜಗಲಿಯ ಮೇಲೆ ಸಾಗುವ ಸಾಲ್ಮನ್ ಮರಿ ಬರುವುದೂ ಆ ನೀರಿನಲ್ಲೇ. ಮರ ಲಾರಿಯಲ್ಲಿ ಬಂತು, ಮೀನು ಈಜಿಕೊಂಡು ಬರುತ್ತದೆ.

ನೀರಿನಂಚಿನ ಕಾರಂಜಿಯ ಕಥೆಯಂತೂ ನಮ್ಮ ಯಾವ ಕೌನ್ಸಿಲ್ ಸಭೆಗೂ ಕಮ್ಮಿಯಿಲ್ಲ. ಸಿಯಾಟಲ್‌ನ ಒಬ್ಬ ನಾಗರಿಕರು ಸಾಯುವಾಗ ನಗರಕ್ಕೆ ಹತ್ತು ಲಕ್ಷ ಡಾಲರ್ ಬರೆದಿಟ್ಟರು, ಕಾರಂಜಿ ಕಟ್ಟಿಸಲು. ಷರತ್ತು ಒಂದೇ. ಅದರಲ್ಲಿ ಆಳೆತ್ತರದ, ಬತ್ತಲೆ ಗಂಡಸಿನ ವಿಗ್ರಹ ಇರಬೇಕು. ಅಂಥ ವಿಲ್ ನನ್ನ ಮೇಜಿಗೆ ಬಂದಿದ್ದರೆ ಕಾನೂನು ಶಾಖೆಗೆ ಕಳಿಸಿ ವರ್ಗಾವಣೆಗೆ ಅರ್ಜಿ ಹಾಕುತ್ತಿದ್ದೆ. ಸಿಯಾಟಲ್‌ ನಗರದವರು ಹಣ ಬಿಡಲಿಲ್ಲ. ಆಗ ತೊಂಬತ್ತು ದಾಟಿದ್ದ ಲೂಯಿಸ್ ಬೂರ್ಜ್ವಾ ಎಂಬ ಶಿಲ್ಪಿ ‘ಫಾದರ್ ಆ್ಯಂಡ್ ಸನ್’ ಮಾಡಿಕೊಟ್ಟರು. ಅಪ್ಪ ಒಂದು ಕಡೆ, ಪುಟ್ಟ ಮಗ ಇನ್ನೊಂದು ಕಡೆ, ಇಬ್ಬರೂ ಕೈಚಾಚಿದ್ದಾರೆ. ಕಾರಂಜಿಯ ನೀರು ಒಮ್ಮೆ ಅಪ್ಪನನ್ನು ಮುಚ್ಚುತ್ತದೆ, ಒಮ್ಮೆ ಮಗನನ್ನು. ಪತ್ರಿಕೆಗಳಿಗೆ ಪತ್ರಗಳು ಹೋದವು, ಮಕ್ಕಳು ಓಡಾಡುವ ಕಡೆ ಇದೇನು ಎಂದು. ಗೊಮ್ಮಟನ ನಾಡಿನವನಿಗೆ ಬತ್ತಲೆಯಲ್ಲಿ ನೋಡುವುದೇನಿದೆ? ನಾನು ನೋಡಿದ್ದು ಆ ಕೈಗಳನ್ನು. ನೀರು ಇಳಿದು ಇಬ್ಬರೂ ಕಾಣುವ ಗಳಿಗೆಗಾಗಿ ಕಾದೆ. ಮಗಳು ಹಿಂದೆ ನಿಂತಿದ್ದಳು. ‘ಚಳಿ ಆಗತ್ತೆ ಅಪ್ಪ, ಟೋಪಿ ಹಾಕ್ಕೊಳ್ಳಿ’ ಎಂದಳಷ್ಟೆ.

ಇಷ್ಟೆಲ್ಲ ಹೊಗಳಿದ ಮೇಲೆ ಕಡತದ ಇನ್ನೊಂದು ಮಗ್ಗುಲನ್ನೂ ತೆರೆಯಬೇಕು. ಸಿಯಾಟಲ್ ಕಡಲಂಚಿನಲ್ಲಿ 1982ರಿಂದ ಒಂದು ಹಳೆಯ ಟ್ರಾಮ್ ಓಡುತ್ತಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ತರಿಸಿದ, ಹಸಿರು ಹಳದಿ ಬಣ್ಣದ, ಮರದ ಸೀಟಿನ ಗಾಡಿಗಳು. ಜಾರ್ಜ್ ಬೆನ್ಸನ್ ಎಂಬ ಕೌನ್ಸಿಲರು ಹಟ ಹಿಡಿದು ಮಾಡಿಸಿದ್ದರಿಂದ ಅದಕ್ಕೆ ಅವರದೇ ಹೆಸರು ಬಿದ್ದಿತ್ತು. ಆ ಟ್ರಾಮುಗಳ ಶೆಡ್ ಇದ್ದದ್ದು ಈಗಿನ ಪಾರ್ಕಿನ ಜಾಗದಲ್ಲಿ. ನಕ್ಷೆಯಲ್ಲಿ ಶೆಡ್‌ಗೆ ಜಾಗವಿರಲಿಲ್ಲ. 2005ರ ನವೆಂಬರಿನಲ್ಲಿ ಟ್ರಾಮ್ ನಿಂತಿತು, ಶೆಡ್ ಕೆಡವಿದರು. ತಾತ್ಕಾಲಿಕವಾಗಿ ಬಸ್ಸು ಬಿಟ್ಟರು. ಬೇರೆ ಕಡೆ ಶೆಡ್ ಕಟ್ಟುವ ಮಾತಾಯಿತು, ಆ ಮಾತು ಬಿದ್ದುಹೋಯಿತು. ಆಮೇಲೆ ಕಡಲಂಚಿನ ಮೇಲ್ಸೇತುವೆ ಕೆಡವುವ, ಸುರಂಗ ತೋಡುವ ದೊಡ್ಡ ಕಾಮಗಾರಿ ಬಂತು. ಟ್ರಾಮು ಹಿಂದಿರುಗಿ ಬರಲೇ ಇಲ್ಲ. ಕೆಲವು ಗಾಡಿಗಳನ್ನು ಸೇಂಟ್ ಲೂಯಿಸ್‌ನವರಿಗೆ ಮಾರಿದರು.

‘ತಾತ್ಕಾಲಿಕವಾಗಿ’ ಎಂಬ ಪದವನ್ನು ನಾನು ಎಷ್ಟು ಕಡತದಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ಸಂತೆಯನ್ನು ತಾತ್ಕಾಲಿಕವಾಗಿ, ಬಸ್‌ಸ್ಟ್ಯಾಂಡನ್ನು ತಾತ್ಕಾಲಿಕವಾಗಿ, ಹೂ ಮಾರುವವರನ್ನು ತಾತ್ಕಾಲಿಕವಾಗಿ. ನಮ್ಮ ಕಚೇರಿಯ ಭಾಷೆಯಲ್ಲಿ ಅಷ್ಟು ಶಾಶ್ವತವಾದ ಪದ ಇನ್ನೊಂದಿಲ್ಲ.

ಆ ಸಂಜೆ ನಾವು ಹಳಿಯ ಮೇಲಿನ ಸೇತುವೆಯಲ್ಲಿ ಮತ್ತೆ ನಿಂತೆವು. ಆ ಸೇತುವೆಯ ಒಂದು ಬದಿಗೆ ತೆರೆಸೀಟಾ ಫರ್ನಾಂಡಿಸ್ ಎಂಬ ಕಲಾವಿದೆ ಬಣ್ಣದ ಗಾಜಿನ ಗೋಡೆ ಕಟ್ಟಿದ್ದಾರೆ, ಗಾಜಿನೊಳಗೆ ಮೋಡ, ಸಂಜೆಗೆಂಪು, ನೇರಳೆ. ಅದರ ಮೂಲಕ ನೋಡಿದರೆ ಗೂಡ್ಸ್ ಗಾಡಿಯೂ ಜಾತ್ರೆಯ ತೇರಿನ ಹಾಗೆ ಕಾಣುತ್ತದೆ. ಮಗಳು ಕೇಳಿದಳು:

‘ಅಪ್ಪ, ಈ ಫೈಲು ನಿಮ್ಮ ಟೇಬಲ್‌ಗೆ ಬಂದಿದ್ರೆ ಸಹಿ ಹಾಕ್ತಿದ್ರಾ?’

‘ಹಾಕ್ತಿದ್ದೆ ಕಣಮ್ಮ. ಒಂದು ಷರಾ ಬರೆದು.’

‘ಏನಂತ?’

‘ಟ್ರಾಮ್ ಶೆಡ್ಡಿಗೆ ಬದಲಿ ಜಾಗ ಒದಗಿಸಿ, ಹೊಸ ಶೆಡ್ ಪೂರ್ಣಗೊಂಡ ನಂತರವೇ ಹಳೆಯದನ್ನು ತೆರವುಗೊಳಿಸತಕ್ಕದ್ದು.’

ಮಗಳು ಸ್ವಲ್ಪ ಹೊತ್ತು ಗಾಜಿನ ಕಡೆಗೇ ನೋಡುತ್ತಿದ್ದಳು.

‘ಹಾಗಿದ್ರೆ ಈ ಪಾರ್ಕ್ ಇವತ್ತಿಗೂ ಆಗ್ತಿರಲಿಲ್ಲ ಅಪ್ಪ’ ಎಂದಳು.

ಕೆಳಗೆ ಗಾಡಿ ಬರುವ ಸದ್ದಾಯಿತು. ಮೊಮ್ಮಗ ನಮ್ಮಿಬ್ಬರ ಕೈಬಿಡಿಸಿಕೊಂಡು ಡಬ್ಬಿ ಎಣಿಸಲು ಓಡಿದ.